ಮರದ ಆ ಕಡೆ

ಜನವರಿ 29

ಮಗಳೇ ಗುಂಡಿ,

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಹೇಳಬಾರದು ಅಂದುಕೊಂಡೆ. ಹೇಳದೆ ಇಟ್ಟುಕೊಂಡರೆ ದಿನವೆಲ್ಲ ಹೊಟ್ಟೆಯೊಳಗೆ ಕೂತು ಕೊರೆಯುತ್ತೆ, ಅದಕ್ಕೆ ಬರೆಯುತ್ತಿದ್ದೇನೆ. ಒಂದು ದೊಡ್ಡ ಮರ, ಎಲೆಯೇ ಇಲ್ಲ. ಅದರ ಬೊಡ್ಡೆಗೆ ನೀನು ಅಂಟಿಕೊಂಡಿದ್ದೀಯ, ಹಳೇ ಸ್ಕೂಲ್ ಯೂನಿಫಾರ್ಮಿನಲ್ಲಿ, ಬರಿಗಾಲಲ್ಲಿ. ಬೀಳುವಷ್ಟು ಭಾರವೂ ನಿನ್ನಲ್ಲಿಲ್ಲ. ನಾನು ಕೆಳಗೆ ತಟ್ಟೆ ಹಿಡಿದು ನಿಂತು ಕರೆಯುತ್ತೇನೆ. ಕರೆದಾಗಲೆಲ್ಲ ನೀನು ಮೆಲ್ಲಗೆ ಮರದ ಆ ಕಡೆ ಸರಿಯುತ್ತೀಯ. ನಾನು ಸುತ್ತಿಕೊಂಡು ಆ ಕಡೆ ಬಂದರೆ ನೀನು ಈ ಕಡೆ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ. ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾಯಿತು. ಎದ್ದು ಕೂತೆ.

ಕನಸಿಗೆಲ್ಲ ಅರ್ಥ ಕಟ್ಟಬೇಡ ಅಂತ ಬೈಯುತ್ತೀಯ. ಕಟ್ಟುವುದಿಲ್ಲ ಬಿಡು. ಊಟ ಸರಿಯಾಗಿ ಮಾಡುತ್ತಿದ್ದೀಯಾ?

ನಿಮ್ಮ ಮೇಡಂ ಹೇಳಿದ ಬಟ್ಟೆಯ ಗೂಡು ತಲುಪಿತಾ? ಹಕ್ಕಿಗೆ ಕಾಣದ ಹಾಗೆ ಒಳಗೆ ಕೂತು ನೋಡುವುದಕ್ಕೆ ಅಂದಾಗ ನನಗೆ ತಲೆಬುಡ ತಿಳಿದಿರಲಿಲ್ಲ. ಅಂಗಡಿಯಲ್ಲಿ ಹಸಿರು ಬಟ್ಟೆ ಹರಡಿಕೊಂಡು ಕೂತಾಗ ಕಟಿಂಗ್ ಮಾಸ್ಟರು, “ಇದೇನಕ್ಕ, ಆನೆಗೆ ಅಂಗಿ ಹೊಲೀತಿದ್ದೀರಾ?” ಅಂತ ನಕ್ಕರು. ನೋಡಲು ಬಿಟ್ಟ ಸೀಳಿನ ಸುತ್ತ ಕಾಜಾ ಹೊಲಿಗೆ ಹಾಕಿದ್ದೇನೆ, ಎಷ್ಟು ಎಳೆದರೂ ಹರಿಯುವುದಿಲ್ಲ. ದೊಡ್ಡದೊಂದು ಕೋಟಿನ ಕಾಜಾ ಅಂದುಕೋ. ಕೋಟಿನ ಗುಂಡಿಯ ಹಾಗೆ ದುಂಡಗೆ ಹುಟ್ಟಿದವಳು ನೀನು, ಅದರೊಳಗಿಂದ ಇಣುಕಿದರೆ ಸರಿಯಾಗಿಯೇ ಇರುತ್ತೆ. ಒಳಗಡೆ ಬಲಗೈಗೆ ಸಿಗುವ ಹಾಗೆ ಒಂದು ಜೇಬು ಇಟ್ಟಿದ್ದೇನೆ. ಮೇಡಂ ಕೇಳಿರಲಿಲ್ಲ. ಅದರಲ್ಲಿ ಹುರಿದ ಕಡಲೆಬೀಜ ಇದೆ.

ಮಗು ಉಸಿರಿಲ್ಲದೆ ಹುಟ್ಟಿದ ಮೇಲೆ ನೀನು ಊಟ ಬಿಟ್ಟೆ. ಎರಡನೇ ಸಲ ಆಸ್ಪತ್ರೆ ಸೇರಿದ್ದು ಅದಕ್ಕೇ. ಮತ್ತೆ ಹೀಗಾದರೆ ದೇಹ ತಡೆಯುವುದಿಲ್ಲ ಅಂತ ಡಾಕ್ಟರಮ್ಮ ನಿನ್ನೆದುರಿಗೇ ಹೇಳಿದ್ದರು. ಅಂಥವಳು ಈಗ ಕಾಡಿನಲ್ಲಿ ಕೂತು ಮರಕುಟಿಗ ಏನು ತಿನ್ನುತ್ತೆ ಅಂತ ಬರೆದುಕೊಳ್ಳುವ ಕೆಲಸ ಹಿಡಿದಿದ್ದೀಯ. ಅದು ತಿಂದದ್ದನ್ನು ನೋಡಲು ನೀನಿದ್ದೀಯ. ನೀನು ತಿಂದದ್ದನ್ನು ಯಾರು ನೋಡುತ್ತಾರೆ?

ಅಳಿಯಂದಿರು ಭಾನುವಾರ ಬಂದಿದ್ದರು. ಕಾಗದ ಬಂತಾ ಅಂತ ಕೇಳಲಿಲ್ಲ. ಕಿಟಕಿಯ ಬಣ್ಣ ಎದ್ದಿದೆ, ಬಳಿದುಕೊಡಲಾ ಅಂದರು. ಅದೇ ಕಿಟಕಿಗೆ ಹೋದ ತಿಂಗಳೂ ಬಳಿದಿದ್ದಾರೆ.

ಜೀಪು ವಾರಕ್ಕೊಮ್ಮೆ ಬರುತ್ತಲ್ಲ, ಅದರಲ್ಲಿ ಎರಡು ಸಾಲು ಹಾಕಿ ಕಳಿಸು.

ನಿನ್ನ ಅಮ್ಮ


ಫೆಬ್ರವರಿ 9

ಅಮ್ಮ,

ಗೂಡು ತಲುಪಿತು. ಒಳಗೆ ಕೂತರೆ ಹಸಿರು ನೀರಿನಡಿಯಲ್ಲಿ ಕೂತ ಹಾಗಿರುತ್ತೆ. ಹೊರಗಿನ ಸದ್ದೆಲ್ಲ ದೂರದಿಂದ ಬರುತ್ತೆ. ಬೆಳಗ್ಗೆ ಕೂತವಳಿಗೆ ಮಧ್ಯಾಹ್ನ ಆದದ್ದು ತಿಳಿಯುವುದಿಲ್ಲ. ನಿನ್ನ ಹೊಲಿಗೆ ನೋಡಿ ಮೇಡಂ ಇನ್ನೊಂದು ಬೇಕು ಅಂದಿದ್ದಾರೆ.

ನಿನ್ನ ಕನಸಿಗೆ ಹೆದರಬೇಡ. ಮರಕುಟಿಗ ಮಾಡುವುದೇ ಹಾಗೆ. ಯಾರಾದರೂ ಬಂದರೆ ಹಾರಿಹೋಗುವುದಿಲ್ಲ, ಬೊಡ್ಡೆಯ ಆ ಕಡೆ ಸರಿದು ನಿಂತುಬಿಡುತ್ತೆ. ನಾವು ಸುತ್ತಿದರೆ ಅದೂ ಸುತ್ತುತ್ತೆ. ಸುಮ್ಮನೆ ಕೂತಿದ್ದರೆ ಸ್ವಲ್ಪ ಹೊತ್ತಿಗೆ ಮೊದಲು ಕೊಕ್ಕು, ಆಮೇಲೆ ಒಂದು ಕಣ್ಣು ಈ ಕಡೆ ಬರುತ್ತೆ.

ಇವತ್ತು ಒಂದು ಹೆಣ್ಣು ಹಕ್ಕಿ ಒಣಮರದ ಬುಡದಿಂದ ಶುರುಮಾಡಿತು. ಬಾಲವನ್ನು ಮೂರನೇ ಕಾಲಿನ ಹಾಗೆ ಮರಕ್ಕೆ ಊರಿಕೊಂಡು ಸುತ್ತುತ್ತಾ ಸುತ್ತುತ್ತಾ ಮೇಲೆ ಹೋಗುತ್ತೆ. ಎರಡು ಸಲ ಕುಟ್ಟಿ, ತಲೆ ವಾರೆ ಮಾಡಿ, ನಿಲ್ಲುತ್ತೆ. ಕುಟ್ಟುವುದೆಲ್ಲ ತಿನ್ನುವುದಕ್ಕಲ್ಲ ಅಂತ ನನಗೆ ಇಲ್ಲಿ ಬಂದ ಮೇಲೆ ಗೊತ್ತಾಯಿತು. ಒಳಗೆ ಟೊಳ್ಳಿದೆಯಾ, ಹುಳ ಕೊರೆದ ದಾರಿ ಇದೆಯಾ ಅಂತ ಕೇಳಿಸಿಕೊಳ್ಳುತ್ತೆ. ಆಮೇಲೆ ಕೊಕ್ಕನ್ನು ಓರೆ ಮಾಡಿ ತೊಗಟೆಯ ಒಂದು ಚಕ್ಕೆ ಎಬ್ಬಿಸಿತು. ಚಕ್ಕೆ ಗಾಳಿಯಲ್ಲಿ ತಿರುಗುತ್ತಾ ನನ್ನ ಮುಂದೆಯೇ ಬಿತ್ತು. ಅದರಡಿ ದುಂಬಿಯ ಮರಿಹುಳ, ಬೆಳ್ಳಗೆ, ದಪ್ಪಗೆ. ನುಂಗಿತು. ಮೇಲೆ ಕೊಂಬೆಯ ಸಂದಿಯಲ್ಲಿ ಇರುವೆ ಸಾಲಿತ್ತು. ಅಲ್ಲಿ ಕುಟ್ಟಲೇ ಇಲ್ಲ, ನಾಲಿಗೆ ಚಾಚಿ ಒರೆಸಿಕೊಂಡು ಹೋದಂತೆ ತಿಂದಿತು. ಆ ನಾಲಿಗೆ ಎಷ್ಟು ಉದ್ದ ಅಂದರೆ ತಲೆಬುರುಡೆಯ ಹಿಂದಿನಿಂದ ಸುತ್ತಿಕೊಂಡು ಬಂದಿರುತ್ತಂತೆ. ತುದಿಗೆ ಮುಳ್ಳು, ಮೇಲೆ ಅಂಟು.

ಜೀಪು ಬಂತು.

ನಿನ್ನ ಮಗಳು


ಫೆಬ್ರವರಿ 20

ಗುಂಡಿ,

ಅದು ಏನೇನು ತಿಂದಿತು ಅಂತ ಒಂದು ಪುಟ ಬರೆದಿದ್ದೀಯ. ನಿನ್ನ ಬಗ್ಗೆ ಒಂದು ಸಾಲಿಲ್ಲ. ಕಾಗದ ತಿರುಗಿಸಿ ಹಿಂದೆಯೂ ನೋಡಿದೆ.

ನಿಮ್ಮ ಮೇಡಂ ಪೇಟೆಗೆ ಬಂದಾಗ ಅಂಗಡಿಗೆ ಫೋನ್ ಮಾಡಿದ್ದರು. ಮಾಸ್ಟರೇ ರಿಸೀವರ್ ನನ್ನ ಕಿವಿಗೆ ಹಿಡಿದರು. ಕೆಲಸ ಚೆನ್ನಾಗಿ ಮಾಡುತ್ತಾಳೆ, ಕಣ್ಣು ಚುರುಕು ಅಂತೆಲ್ಲ ಹೊಗಳಿ ಆಮೇಲೆ ಹೇಳಿದರು. ನೀನು ತಟ್ಟೆಯಲ್ಲಿ ಕಲಸುತ್ತೀಯಂತೆ, ಆ ಕಡೆ ಈ ಕಡೆ ಸರಿಸುತ್ತೀಯಂತೆ, ಅಡುಗೆಯಮ್ಮನ ಕೈಗೆ ಹಾಗೇ ವಾಪಸ್ ಕೊಡುತ್ತೀಯಂತೆ. ಹೀಗೇ ಆದರೆ ಆಸ್ಪತ್ರೆಗೆ ಕಳಿಸಬೇಕಾಗುತ್ತೆ, ಕಾಡಿನಲ್ಲಿ ಹೆಚ್ಚುಕಮ್ಮಿಯಾದರೆ ಡಾಕ್ಟರ್ ಸಿಗುವುದಿಲ್ಲ ಅಂದರು. ಅವತ್ತು ಮೂರು ಶರ್ಟಿಗೆ ಕಾಲರ್ ಉಲ್ಟಾ ಹೊಲಿದೆ.

ಇಲ್ಲೂ ಒಂದು ಮರಕುಟಿಗ ಬಂದಿದೆ ಗೊತ್ತಾ? ಅಂಗಡಿ ಹಿಂದೆ ನೀರಿನ ಟ್ಯಾಂಕ್ ಪಕ್ಕ ಅರ್ಧ ಒಣಗಿದ ಮರ ಇದೆಯಲ್ಲ, ಅದಕ್ಕೆ. ಸದ್ದು ಕೇಳಿ ನನ್ನ ಮಷೀನಿನ ಸೂಜಿ ತಟ್ಟೆಗೆ ಬಡಿಯುತ್ತಿದೆ ಅಂತ ಬಾಬಿನ್ ಬಿಚ್ಚಿ ನೋಡಿದೆ, ಎಣ್ಣೆ ಹಾಕಿದೆ. ಪೆಡಲ್ ಮೇಲಿಂದ ಕಾಲು ತೆಗೆದರೂ ಸದ್ದು ನಿಲ್ಲಲಿಲ್ಲ. ಹಿಂಬಾಗಿಲು ತೆಗೆದರೆ ಅದು, ತಲೆಗೆ ಕೆಂಪು ಟೊಪ್ಪಿ ಹಾಕಿಕೊಂಡು.

ಪಾಪ, ಒಣಮರದಲ್ಲಿ ಏನಿರುತ್ತೆ ಅಂತ ನನ್ನ ಡಬ್ಬಿಯ ಬ್ರೆಡ್ಡನ್ನು ದಾರದಲ್ಲಿ ಕಟ್ಟಿ ಮರಕ್ಕೆ ನೇತುಹಾಕಿದೆ. ಮಾರನೇ ದಿನ ಬೇಯಿಸಿದ ಮೊಟ್ಟೆ. ಅದರ ಮಾರನೇ ದಿನ ಬಾಳೆಹಣ್ಣು. ಕಾಗೆಗಳು ತಿಂದು ನನಗೆ ಪರಿಚಯವಾದವು. ಇದು ಮಾತ್ರ ಬ್ರೆಡ್ಡಿನ ಹತ್ತಿರ ಬಂದು, ಅದನ್ನು ದಾಟಿಕೊಂಡು ಮೇಲೆ ಹೋಯಿತು. ಅಷ್ಟು ಹತ್ತಿರ ಇಟ್ಟಿದ್ದೆ. ನನಗೆ ಅಳು ಬಂತು.

ಅದಕ್ಕೆ ಹುಷಾರಿಲ್ಲವಾ ಅಂತ ಮೇಡಂನ ಕೇಳು. ನೀನು ಏನು ತಿಂದೆ ಅಂತಲೂ ಬರೆ. ಒಂದೇ ಒಂದು ದಿನದ್ದು ಬರೆ, ಸಾಕು.

ನಿನ್ನ ಅಮ್ಮ


ಮಾರ್ಚ್ 3

ಅಮ್ಮ,

ಅದು ಹುಷಾರಾಗಿಯೇ ಇದೆ. ಒಂದೊಂದು ಜಾತಿ ಹಣ್ಣು ತಿನ್ನುತ್ತೆ, ಒಂದೊಂದು ಹೂವಿನ ರಸ ಕುಡಿಯುತ್ತೆ, ಆದರೆ ಯಾರೋ ದಾರ ಕಟ್ಟಿ ನೇತುಹಾಕಿದ್ದನ್ನು ಎಲ್ಲವೂ ತಿನ್ನುವುದಿಲ್ಲ. ಅದಕ್ಕೆ ತಾನೇ ಹುಡುಕಿದ್ದು ಬೇಕು.

ನನ್ನನ್ನು ಏನು ತಿಂದೆ ಅಂತ ಕೇಳಬೇಡ. ನೀನು ಕೇಳಿದಾಗಲೆಲ್ಲ ಗಂಟಲಿನ ಬಾಗಿಲು ಹಾಕಿಕೊಳ್ಳುತ್ತೆ. ಬೇಕಂತ ಮಾಡುವುದಲ್ಲ. ಆಸ್ಪತ್ರೆಯಲ್ಲಿ ಎಲ್ಲರೂ ಬಂದು ಬಂದು ಅದೊಂದನ್ನೇ ಕೇಳಿದರು, ಇನ್ನೇನೂ ಕೇಳಲಿಲ್ಲ. ಮಗುವಿನ ಮುಖ ಹೇಗಿತ್ತು ಅಂತ ನೀನೂ ಕೇಳಲಿಲ್ಲ.

ಹೊಳೆ ದಂಡೆಯ ಮರದಲ್ಲಿ ಗೂಡು ಸಿಕ್ಕಿದೆ. ಬೊಡ್ಡೆಯಲ್ಲಿ ದುಂಡಗಿನ ತೂತು, ಒಳಗೆ ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಕಾವು ಕೂರುತ್ತವೆ. ಕತ್ತಲಾದ ಮೇಲೆ ಯಾವಾಗಲೂ ಗಂಡೇ ಕೂರುವುದು. ಹೆಣ್ಣು ಬೇರೆ ಮರದ ಪೊಟರೆಗೆ ಹೋಗಿ ಮಲಗುತ್ತೆ. ಸಂಜೆ ಗಂಡು ಬಂದು ತೂತಿನ ಬಾಯಲ್ಲಿ ಮೆಲ್ಲಗೆ ಕುಟ್ಟುತ್ತೆ, ನಾನು ಬಂದೆ ಅನ್ನುವ ಹಾಗೆ. ಹೆಣ್ಣು ಹೊರಬಂದ ಮೇಲೆಯೇ ಅದು ಒಳಗೆ ಹೋಗುವುದು. ಕೇಳದೆ ನುಗ್ಗಿದ್ದನ್ನು ನಾನು ನೋಡಿಲ್ಲ.

ಇದನ್ನು ನಿನ್ನ ಅಳಿಯಂದಿರಿಗೆ ಹೇಳಬೇಡ. ಹೇಳಿದರೂ ಹೇಳು. ಮಗುವಿಗೆ ಅಂತ ನಮ್ಮ ಮನೆಯ ಗೋಡೆಗೆ ಹಸಿರು ಬಳಿದವರು ಅವರೇ, ಬಣ್ಣ ಕಲಸುವಾಗ ನಾನು ಪಕ್ಕದಲ್ಲಿ ಕೂತು ಇನ್ನೂ ಸ್ವಲ್ಪ ಹಳದಿ, ಇನ್ನೂ ಸ್ವಲ್ಪ ಅಂತಿದ್ದೆ. ನಾನು ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗೋಡೆ ಬೆಳ್ಳಗಿತ್ತು. ಮಗು ಇರಲಿಲ್ಲ ಸರಿ, ಗೋಡೆಯಾದರೂ ಇರಬಹುದಿತ್ತು. ಒಂದು ಮಾತು ನನ್ನನ್ನು ಕೇಳಬಹುದಿತ್ತು.

ನಿನ್ನ ಮಗಳು


ಮಾರ್ಚ್ 16

ಮಗಳೇ,

ಇನ್ನು ಕೇಳುವುದಿಲ್ಲ. ಕೇಳುವುದಿಲ್ಲ ಅಂತ ಬರೆಯುವುದೂ ಕೇಳಿದ ಹಾಗೇ ಆಯಿತೇನೋ, ಗೊತ್ತಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟವಳಿಗೆ ಇದನ್ನೆಲ್ಲ ಹೇಗೆ ಬರೆಯಬೇಕೋ ತಿಳಿಯದು.

ಮಗುವಿನ ಮುಖ ನಾನು ನೋಡಿದ್ದೆ. ನರ್ಸು ಬಟ್ಟೆಯಲ್ಲಿ ಸುತ್ತಿ ತಂದಾಗ. ಕೇಳಿದರೆ ನೀನು ಒಡೆದುಹೋಗುತ್ತೀಯ ಅಂತ ಕೇಳಲಿಲ್ಲ. ಮೂಗು ನಿನ್ನದೇ. ಹುಬ್ಬಿದೆಯೋ ಇಲ್ಲವೋ ಅನ್ನುವಷ್ಟು ತೆಳ್ಳಗೆ ಹುಬ್ಬು. ನಿನಗೂ ಹಾಗೇ ಇತ್ತು, ಮೂರು ತಿಂಗಳಾದ ಮೇಲೆ ಬಂತು.

ಇಲ್ಲಿನ ಸಮಾಚಾರ ಹೇಳುತ್ತೇನೆ. ಬ್ರೆಡ್ ಕಟ್ಟುವುದು ಬಿಟ್ಟೆ. ಒಂದು ದಿನ ಬಾಳೆಹಣ್ಣು ಜಾರಿದ ಜಾಗದಲ್ಲಿ ಅಂಟು ಉಳಿದು ಇರುವೆ ಹತ್ತಿತ್ತು. ಮರಕುಟಿಗ ಇಳಿದು ಬಂದು ಇರುವೆಗಳನ್ನು ಒರೆಸಿದಂತೆ ತಿಂದಿತು, ನೀನು ಬರೆದ ಹಾಗೇ, ನಾಲಿಗೆಯಲ್ಲಿ. ನನಗೆ ಆಗ ಹೊಳೆಯಿತು. ಸಕ್ಕರೆ ನೀರು ಮಾಡಿ ಹಳೇ ಬಟ್ಟೆಯಲ್ಲಿ ಅದ್ದಿ ಬೊಡ್ಡೆಗೆ ಬಳಿಯುತ್ತೇನೆ. ಆಮೇಲೆ ನನ್ನ ಪಾಡಿಗೆ ಮಷೀನಿಗೆ ಹೋಗಿ ಕೂರುತ್ತೇನೆ, ಆ ಕಡೆ ನೋಡುವುದೂ ಇಲ್ಲ. ಇರುವೆ ಬರುತ್ತೆ, ಆಮೇಲೆ ಅದು ಬರುತ್ತೆ. ಮಾಸ್ಟರು ಗಿರಾಕಿಗಳಿಗೆಲ್ಲ, ನಮ್ಮಕ್ಕ ಇರುವೆ ಸಾಕ್ತಾರೆ ಅಂತ ಹೇಳಿಕೊಂಡು ತಿರುಗುತ್ತಿದ್ದಾರೆ.

ಎತ್ತರಕ್ಕೆ ಕೈ ಎಟುಕುವುದಿಲ್ಲ ಅಂತ ಅಳಿಯಂದಿರು ಏಣಿ ತಂದರು. ಬಣ್ಣದ ಬ್ರಶ್ಶಿನಲ್ಲೇ ಸಕ್ಕರೆ ನೀರು ಬಳಿದರು. ಒಂದು ಗೆರೆ ಆಚೀಚೆ ಇಲ್ಲ, ಬಾಗಿಲಿಗೆ ಪಾಲಿಶ್ ಹೊಡೆದ ಹಾಗೆ. ಅವರು ಏಣಿ ಮೇಲಿದ್ದಾಗ ನಾನು ಕೆಳಗಿಂದ ನೀನು ಬರೆದದ್ದನ್ನು ಹೇಳಿದೆ. ಗಂಡೇ ಕಾವು ಕೂರುವುದು, ಬಂದು ಕುಟ್ಟಿ ಕೇಳುವುದು, ಎಲ್ಲ. ಗೋಡೆಯದನ್ನೂ ಹೇಳಿಬಿಟ್ಟೆ. ಅವರು ಬಳಿದ ಜಾಗಕ್ಕೇ ಮತ್ತೆ ಮತ್ತೆ ಬಳಿದರು. ಬ್ರಶ್ಶಿನಿಂದ ಸಕ್ಕರೆ ನೀರು ನನ್ನ ತಲೆ ಮೇಲೆ ತೊಟ್ಟಿಕ್ಕುತ್ತಿತ್ತು, ನಾನೂ ಸರಿಯಲಿಲ್ಲ.

ಕೊನೆಗೆ ಅಂದರು, “ಅವಳಿಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ ಅತ್ತೆ. ಬ್ರಶ್ ಹಿಡಿದಾಗ ಮಾತ್ರ ನನ್ ಕೈ ನಡುಗಲ್ಲ. ಅದಕ್ಕೇ ಬಳಿದ್ಬಿಟ್ಟೆ.”

ಅವರು ಹೇಳಿದ ಹಾಗೇ ಬರೆದಿದ್ದೇನೆ. ಆ ಗೂಡಿನ ಕಥೆ ಏನಾಯಿತು ಅಂತ ಅವರೂ ಕೇಳುತ್ತಿದ್ದಾರೆ, ನಾನೂ ಕಾಯುತ್ತಿದ್ದೇನೆ.

ನಿನ್ನ ಅಮ್ಮ


ಏಪ್ರಿಲ್ 2

ಅಮ್ಮ,

ಹುಬ್ಬಿನ ವಿಷಯ ಓದಿ ಹೊಳೆ ಹತ್ತಿರ ಹೋಗಿ ಕೂತಿದ್ದೆ. ನನಗೆ ಅದು ನೆನಪೇ ಇರಲಿಲ್ಲ. ಈಗ ಇದೆ.

ಮೂರು ಮರಿ. ಮೊದಲು ಬರೀ ಸದ್ದು, ಮರದೊಳಗೆ ಯಾರೋ ನೀರು ಕಾಯಿಸಲು ಇಟ್ಟ ಹಾಗೆ ಸಣ್ಣಗೆ. ಈಗ ತಲೆಗಳು ತೂತಿನ ಬಾಯಿಗೆ ಬರುತ್ತವೆ. ತಂದೆ ತಾಯಿ ಕೊಕ್ಕಿನಲ್ಲಿ ಏನೂ ಹಿಡಿದು ತರುವುದಿಲ್ಲ, ಬರಿಗೈಯಲ್ಲಿ ಬಂದ ಹಾಗೆ ಕಾಣುತ್ತೆ. ಬಂದು, ಮರಿಯ ಬಾಯೊಳಗೆ ಕೊಕ್ಕು ಇಟ್ಟು, ನುಂಗಿದ್ದ ಇರುವೆ, ಇರುವೆಯ ಮೊಟ್ಟೆ ಎಲ್ಲ ಹೊರತೆಗೆದು ಕೊಡುತ್ತವೆ. ಅಂದರೆ ಮರಿಗೆ ಕೊಡಬೇಕಾದರೆ ಮೊದಲು ತಾವು ತಿಂದಿರಬೇಕು.

ಹೋದ ವಾರ ಹೆಣ್ಣು ಬರಲಿಲ್ಲ. ಬೇರೆ ಮರಗಳ ಕೆಳಗೆಲ್ಲ ಹುಡುಕಿದೆವು, ಸ್ವಲ್ಪ ಗರಿ ಸಿಕ್ಕಿತು, ಗಿಡುಗ ಇರಬೇಕು. ಗಂಡು ಒಂದೇ ಉಳಿಯಿತು. ಒಂದರಿಂದ ಮೂರನ್ನು ಸಾಕುವುದು ಆಗುತ್ತೋ ಇಲ್ಲವೋ ಅಂತ ಮೇಡಂ ಅಂದರು. ಮಾರನೇ ದಿನ ಬೆಳಕಾಗುವ ಮೊದಲೇ ಹೋಗಿ ನಿನ್ನ ಬಟ್ಟೆಯ ಗೂಡಿನಲ್ಲಿ ಕೂತೆ. ಅದು ಎದುರಿನ ದಿಮ್ಮಿಗೆ ಇಳಿದು ಕೆದಕಿ ಕೆದಕಿ ಇರುವೆಗೂಡು ಬಗೆದು ತಿಂದಿತು. ಹಾರಿ ಹೋಗಿ ಕೊಟ್ಟಿತು. ಮತ್ತೆ ಬಂತು. ಮತ್ತೆ ಹೋಯಿತು. ತಿನ್ನು, ಬೇಗ ತಿನ್ನು ಅಂತ ನಾನು ಒಳಗೊಳಗೇ ಹೇಳುತ್ತಿದ್ದೆ, ನಿನ್ನ ಹಾಗೆ.

ನೆತ್ತಿಯ ಮೇಲೆ ಬಿಸಿಲು ಬಂದಾಗ ಬಲಗೈಗೆ ಏನೋ ಅಂಟಿದೆ ಅನ್ನಿಸಿ ನೋಡಿಕೊಂಡೆ. ಕಡಲೆಬೀಜದ ಸಿಪ್ಪೆ. ನೀನಿಟ್ಟ ಜೇಬು ಖಾಲಿಯಾಗಿತ್ತು. ಯಾವಾಗ ತಿನ್ನಲು ಶುರುಮಾಡಿದೆನೋ ಗೊತ್ತಿಲ್ಲ. ಹಳೆಯದಾಗಿ ಕಮಟು ಹಿಡಿದಿತ್ತು. ಚೆನ್ನಾಗಿತ್ತು.

ಸಂಜೆ ಅಡುಗೆಯಮ್ಮನನ್ನು ಏನಾದರೂ ಉಳಿದಿದೆಯಾ ಅಂತ ಕೇಳಿದೆ. ಅವರು ಬಡಿಸಿ, ಬೆನ್ನು ತಿರುಗಿಸಿಕೊಂಡು ಪಾತ್ರೆ ತೊಳೆಯುತ್ತಾ ನಿಂತರು.

ಒಂದು ಕೆಲಸ ಮಾಡುತ್ತೀಯಾ? ನಮ್ಮ ಮನೆಗೆ ಹೋಗು. ಕಿಟಕಿಯ ಕೆಳಗೆ, ಮಂಚ ಇದ್ದ ಕಡೆ, ಗೋಡೆಯನ್ನು ಉಗುರಿನಲ್ಲಿ ಸ್ವಲ್ಪ ಕೆರೆದು ನೋಡು. ಕೆಳಗೆ ಹಸಿರು ಇನ್ನೂ ಇದೆಯಾ ಅಂತ. ಅವರನ್ನು ಕೇಳಿಯೇ ಕೆರೆ.

ನಿನ್ನ ಮಗಳು


ಏಪ್ರಿಲ್ 10

ಮಗಳೇ,

ನಿನ್ನ ಕಾಗದವನ್ನು ಹಿಡಿದುಕೊಂಡೇ ಹೋದೆ. ಚಪ್ಪಲಿ ಬೇರೆ ಬೇರೆ ಜೋಡಿಯದು ಹಾಕಿಕೊಂಡಿದ್ದೆ ಅಂತ ಅಲ್ಲಿ ಹೋದ ಮೇಲೆ ಗೊತ್ತಾಯಿತು.

ಕೇಳಿದೆ. ಅವರು ತಲೆ ಆಡಿಸಿದರು. ಉಗುರಿಗೆ ಮೊದಲು ಬರೀ ಬಿಳಿ ಪುಡಿ ಬಂತು. ಹಸಿರನ್ನು ಕೆರೆದು ತೆಗೆದೇ ಬಿಳಿ ಬಳಿದಿದ್ದರೆ ಏನು ಗತಿ, ನಿನಗೆ ಏನಂತ ಬರೆಯಲಿ ಅಂತ ಇನ್ನಷ್ಟು ಕೆರೆದೆ. ಆಮೇಲೆ ಒಂದು ಚಕ್ಕೆ ಎದ್ದಿತು. ಬಿದ್ದು ನೆಲದ ಮೇಲೆ ಮಗುಚಿಕೊಂಡಿತು.

ಹಸಿರು ಇದೆ ಗುಂಡಿ. ಚಿಗುರಿನ ಬಣ್ಣ. ಹಳದಿ ಸ್ವಲ್ಪ ಹೆಚ್ಚೇ ಆಗಿದೆ.

“ಕೂತ್ಕೊಳ್ಳಿ ಅತ್ತೆ, ನಾನು ಕೆರೀತೀನಿ,” ಅಂತ ಅವರು ಬಣ್ಣ ಕೆರೆಯುವ ಪಟ್ಟಿ ತಂದರು. ಮೆಲ್ಲಗೆ, ಕೆಳಗಿನ ಬಣ್ಣಕ್ಕೆ ತಾಗದ ಹಾಗೆ ಓರೆಯಾಗಿ ಹಿಡಿದು. ನಾನು ಅಲ್ಲೇ ಕೂತು ಒಂದಿಷ್ಟು ನಿದ್ದೆ ಮಾಡಿದೆ ಅನ್ನಿಸುತ್ತೆ. ಕಣ್ಣು ಬಿಟ್ಟಾಗ ಸಂಜೆಯ ಬಿಸಿಲು ಕಿಟಕಿಯಿಂದ ಆ ಹಸಿರಿನ ಮೇಲೆ ಬಿದ್ದು ಕೋಣೆಯೆಲ್ಲ ನೀನು ಬರೆದ ಬಟ್ಟೆಯ ಗೂಡಿನ ಒಳಗಿನ ಹಾಗೆ ಆಗಿತ್ತು. ಅವರು ಇನ್ನೂ ಕೆರೆಯುತ್ತಿದ್ದರು. ಕೂದಲು, ರೆಪ್ಪೆ, ಎಲ್ಲ ಬೆಳ್ಳಗೆ.

ನಿನ್ನ ಅಮ್ಮ


ಏಪ್ರಿಲ್ 20

ಅಮ್ಮ,

ಅವರಿಗೆ ಪೂರ್ತಿ ಕೆರೆಯಬೇಡಿ ಅಂತ ಹೇಳು. ನನಗೂ ಸ್ವಲ್ಪ ಉಳಿಸಲಿ.

ಮರಿಗಳು ಹಾರಿದವು. ಒಂದು ಬೆಳಗ್ಗೆ ತಂದೆ ಊಟ ಕೊಡಲು ಬರಲೇ ಇಲ್ಲ, ಪಕ್ಕದ ಮರದಲ್ಲಿ ಕೂತು ಕೂಗುತ್ತಿತ್ತು. ಹಸಿವಿಗೆ ಒಂದು ಮರಿ ಸೊಂಟದವರೆಗೆ ಹೊರಗೆ ಬಂತು, ಒಳಗೆ ಹೋಯಿತು, ಬಂತು, ಬಿದ್ದಂತೆ ಹಾರಿತು. ಮಧ್ಯಾಹ್ನ ಇನ್ನೊಂದು. ಮೂರನೆಯದು ಹಾರಿದ್ದನ್ನು ನಾನು ನೋಡಲಿಲ್ಲ, ಮರದ ಆ ಕಡೆಯಿಂದ ಹೋಗಿರಬೇಕು. ಸಂಜೆಗೆ ಗೂಡಿನಲ್ಲಿ ಸದ್ದಿರಲಿಲ್ಲ. ಮೊದಲ ಮರಿ ಆಗಲೇ ಒಣಕೊಂಬೆಗೆ ಅಂಟಿಕೊಂಡು ಕುಟ್ಟುತ್ತಿತ್ತು, ಏನೂ ಸಿಗದಿದ್ದರೂ.

ಕೆಲಸ ಮುಗಿಯಿತು. ತಿಂಗಳ ಕೊನೆಯ ಜೀಪಿನಲ್ಲಿ ಹೊರಟು ಬಸ್ಸು ಹಿಡಿದು ಬರುತ್ತೇನೆ. ಅವರೂ ಬಸ್ ಸ್ಟ್ಯಾಂಡಿಗೆ ಬರುವುದಾದರೆ ಬರಲಿ.

ಇವತ್ತು ಎರಡು ಸಲ ಬಡಿಸಿಕೊಂಡೆ. ನೀನು ಕೇಳಲಿಲ್ಲ, ನಾನೇ ಹೇಳುತ್ತಿದ್ದೇನೆ.

ನಿನ್ನ,
ಗುಂಡಿ


ಏಪ್ರಿಲ್ 25

ಗುಂಡಿ,

ಈಚೆಗೆ ಕನಸೇ ಬೀಳುತ್ತಿಲ್ಲ. ಅದೂ ಒಂದು ಯೋಚನೆಯಾಗಿದೆ ನನಗೆ, ಇಷ್ಟು ಗಾಢವಾಗಿ ಮಲಗಿದರೆ ನೀನು ಬಂದು ಬಾಗಿಲು ತಟ್ಟಿದ್ದು ಕೇಳಿಸದೆ ಹೋದರೆ ಅಂತ.

ಅಳಿಯಂದಿರು ಬಸ್ ಸ್ಟ್ಯಾಂಡಿಗೆ ಈಗಾಗಲೇ ಹೋಗಿ ಬಂದಿದ್ದಾರೆ, ಯಾವ ಬಸ್ಸು ಎಲ್ಲಿ ನಿಲ್ಲುತ್ತೆ ಅಂತ ನೋಡಲು. ಅದೂ ತಾವೇ ಹುಟ್ಟಿದ ಊರಿನಲ್ಲಿ. ಕಿಟಕಿಯ ಕೆಳಗೆ ನಿನ್ನ ಪಾಲು ಬಿಟ್ಟಿದ್ದಾರೆ, ಅಳತೆ ನಾನೇ ಹಾಕಿ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೇನೆ, ಬಟ್ಟೆಗೆ ಎಳೆಯುವ ಹಾಗೆ.

ಬಸ್ಸಿನಲ್ಲಿ ಕಿಟಕಿಯ ಹೊರಗೆ ಕೈ ಹಾಕಬೇಡ. ಮಿಕ್ಕದ್ದು ಬಂದ ಮೇಲೆ ಮಾತಾಡೋಣ.

ನಿನ್ನ ಅಮ್ಮ

ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಟು ಹಚ್ಚಿಬಿಟ್ಟಿದ್ದೆ. ಮೂರನೆಯ ಮರಿ ಆ ಕಡೆಯಿಂದ ಹಾರಿರಬೇಕು ಅಂತ ಬರೆದಿದ್ದೀಯ. ಹಾರಿಯೇ ಇರುತ್ತೆ, ನನಗೆ ಗೊತ್ತು. ಈ ಕಾಗದ ನಿನ್ನ ಕೈ ಸೇರುವ ಜೀಪಿನಲ್ಲೇ ನೀನು ಹೊರಡಬೇಕು, ಅದೂ ಗೊತ್ತು. ಆದರೂ ಡ್ರೈವರಿಗೆ ಸ್ವಲ್ಪ ತಡಿ ಅಂತ ಹೇಳಿ, ಒಂದು ಸಲ ಆ ಮರದ ಹತ್ತಿರ ಹೋಗಿ ಬಾ. ಕರೆಯಬೇಡ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲು. ಆಮೇಲೆ ಆ ಕಡೆಯೂ ಸರಿಯಾಗಿ ನೋಡು, ಮೂರನೆಯದು ಹೋಗಿದೆ ತಾನೇ ಅಂತ.